ಪಾಠ ಕಲಿಯುವ ನೊಣ

ಬಾಳೆಹಣ್ಣು ಎರಡು ದಿನ ಬುಟ್ಟಿಯಲ್ಲಿ ಉಳಿದರೆ ಸಾಕು, ಎಲ್ಲಿಂದಲೋ ಬಂದು ಮುತ್ತುವ ಕೆಂಗಣ್ಣಿನ ಸಣ್ಣ ನೊಣಗಳನ್ನು ನಮ್ಮ ಗೃಹಿಣಿಯರೆಲ್ಲ ಬಲ್ಲರು. ಎಳ್ಳುಕಾಳಿನಷ್ಟೇ ಇರುವ ಈ ಜೀವಿಗೂ ಕಲಿಕೆಯುಂಟು, ನೆನಪುಂಟು, ಮರೆವೂ ಉಂಟು ಎಂದರೆ ನಂಬುವುದು ಕಷ್ಟ. ಆದರೆ ಇದು ಪ್ರಯೋಗಗಳಿಂದ ಸಿದ್ಧವಾದ ಮಾತು. ಮಕ್ಕಳ ವಿದ್ಯಾಭ್ಯಾಸದ ಚಿಂತೆಯುಳ್ಳ ತಂದೆತಾಯಿಗಳು ಇದರಿಂದ ತಿಳಿಯಬೇಕಾದುದೂ ಇದೆ.

ನೊಣದ ಈ ಅಭ್ಯಾಸಕ್ಕೆ ನಮ್ಮ ಮುಂಬಯಿಯೂ ಒಂದು ತವರು. ಕೊಲಾಬಾದ ತುದಿಯಲ್ಲಿ ಕಡಲಿಗೆ ಮುಖಮಾಡಿ ನಿಂತಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಹೋಮಿ ಭಾಭಾ ಅವರ ಆಹ್ವಾನದಂತೆ 1962ರಲ್ಲಿ ಬಂದ ಒಬೈದ್ ಸಿದ್ದೀಕಿಯವರು ಅಲ್ಲಿ ಅಣುಜೀವಶಾಸ್ತ್ರದ ವಿಭಾಗವನ್ನು ಕಟ್ಟಿದರು. ಮುಂದೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದವರೂ ಅವರೇ. ಅವರೂ ಅವರ ಶಿಷ್ಯೆ ವೆರೋನಿಕಾ ರೋಡ್ರಿಗ್ಸ್ ಅವರೂ ನೊಣವು ವಾಸನೆಯನ್ನು ಅರಿಯುವ ಬಗೆಯನ್ನು ಪರೀಕ್ಷಿಸಿದರು. ಉಪಕರಣವೋ ಬಹು ಸರಳ: ಕವೆಗೋಲಿನಂತೆ ಎರಡಾಗಿ ಒಡೆದ ಕೊಳವೆ. ಒಂದು ಕವಲಿನಲ್ಲಿ ವಾಸನೆ, ಇನ್ನೊಂದರಲ್ಲಿ ಬರಿಯ ಗಾಳಿ. ಯಾವ ಕವಲಿಗೆ ಎಷ್ಟು ನೊಣಗಳು ಹೋದವೆಂದು ಎಣಿಸಿದರಾಯಿತು. ವಾಸನೆ ತಿಳಿಯದ ತಳಿಗಳನ್ನು ಹೀಗೆ ಗುರುತಿಸಿ 1978ರಲ್ಲಿ ಪ್ರಕಟಿಸಿದರು.

ವಾಸನೆಯನ್ನು ಅರಿಯುವ ನೊಣಕ್ಕೆ ಪಾಠವನ್ನೂ ಕಲಿಸಬಹುದೇ? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸೆಮೂರ್ ಬೆಂಜರ್ ಮತ್ತು ಸಂಗಡಿಗರು 1974ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಎರಡು ವಾಸನೆಗಳಲ್ಲಿ ಒಂದರ ಜೊತೆಗೆ ಮಾತ್ರ ನೊಣಗಳಿಗೆ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟರು. ಬಳಿಕ ಪೆಟ್ಟಿಲ್ಲದಿದ್ದರೂ ಅವು ಆ ವಾಸನೆಯಿಂದ ದೂರ ಸರಿದವು. ಎರಡು ವರ್ಷಗಳಲ್ಲಿ, ವಾಸನೆ ತಿಳಿದೂ ಪಾಠ ಕಲಿಯಲಾರದ ಒಂದು ತಳಿಯೂ ಸಿಕ್ಕಿತು. ಅದಕ್ಕೆ ಇಂಗ್ಲಿಷಿನಲ್ಲಿ 'ದಡ್ಡ' ಎಂಬರ್ಥದ ಹೆಸರನ್ನೇ ಇಟ್ಟರು!

ಇನ್ನು ಮುಖ್ಯ ವಿಷಯ. 1994ರಲ್ಲಿ ಟಿಮ್ ಟುಲ್ಲಿ ಮತ್ತು ಸಂಗಡಿಗರು ಕೆಲವು ನೊಣಗಳಿಗೆ ಹತ್ತು ಪಾಠಗಳನ್ನು ಎಡೆಬಿಡದೆ ಹೇಳಿದರು. ಬೇರೆ ಕೆಲವಕ್ಕೆ ಅದೇ ಹತ್ತು ಪಾಠಗಳನ್ನು ನಡುನಡುವೆ 15 ನಿಮಿಷ ಬಿಡುವು ಕೊಟ್ಟು ಹೇಳಿದರು. ಎಡೆಬಿಡದೆ ಕಲಿತುದು ಕೆಲವೇ ದಿನಗಳಲ್ಲಿ ಅಳಿಸಿಹೋಯಿತು. ಬಿಡುವಿನೊಡನೆ ಕಲಿತುದು ವಾರ ಕಳೆದರೂ ಉಳಿಯಿತು. ಹೊಸ ಪ್ರೋಟೀನು ತಯಾರಾಗದಂತೆ ತಡೆಯುವ ಔಷಧಿಯನ್ನು ತಿನ್ನಿಸಿದಾಗ ಈ ಲಾಭ ಇಲ್ಲವಾಯಿತು. ದೋಸೆಯ ಹಿಟ್ಟು ಹುಳಿಯಲು ಹೊತ್ತು ಬೇಕಾದಂತೆ, ನೆನಪು ಗಟ್ಟಿಯಾಗಲೂ ಒಳಗೆ ಕೆಲಸ ನಡೆಯಬೇಕು; ಅದಕ್ಕೆ ಬಿಡುವು ಬೇಕು.

ನೊಣದ ಮಿದುಳಿನಲ್ಲಿರುವುದು ಸುಮಾರು 1 ಲಕ್ಷ 40 ಸಾವಿರ ನರಕೋಶಗಳು. ಮನುಷ್ಯನಲ್ಲಿ ಸುಮಾರು 8,600 ಕೋಟಿ. ನೊಣದ ಮಾತು ನಮಗೆ ಹೇಗೆ ಹೊಂದೀತು ಎಂದು ಕೇಳಬಹುದು. ಜರ್ಮನಿಯ ಎಬಿಂಗ್‌ಹೌಸ್ ಎಂಬ ಪಂಡಿತರು ತಮ್ಮ ಮೇಲೆಯೇ ಪ್ರಯೋಗ ಮಾಡಿ, ಹಲವು ದಿನಗಳಿಗೆ ಹಂಚಿ ಕಲಿತುದೇ ಲೇಸೆಂದು 1885ರಲ್ಲಿಯೇ ಬರೆದಿದ್ದರು.

ಶಾಲೆಯಲ್ಲಿ ಇಂಗ್ಲಿಷನ್ನೋ ಮರಾಠಿಯನ್ನೋ ಓದುವ ನಮ್ಮ ಮಕ್ಕಳಿಗೆ ಕನ್ನಡ ಕಲಿಸುವ ಹೊಣೆ ಬಹುಮಟ್ಟಿಗೆ ಮನೆಯದೇ. ಕಚೇರಿ ಮುಗಿಸಿ ಲೋಕಲ್ ಗಾಡಿ ಹಿಡಿದು ಮನೆ ಸೇರುವ ತಂದೆ ವಾರದ ಪಾಠವನ್ನೆಲ್ಲ ಭಾನುವಾರಕ್ಕೆ ನೂಕುತ್ತಾನೆ. ಮೂರು ಗಂಟೆ ಕೂರಿಸಿ ಕಾಗುಣಿತ ತಿದ್ದಿಸುತ್ತಾನೆ. ಮುಂದಿನ ಭಾನುವಾರ ಮಗು ತಡವರಿಸಿದರೆ ದಡ್ಡನೆನ್ನುತ್ತಾನೆ. ಅದರ ಬದಲು ದಿನಕ್ಕೆ ಕಾಲುಗಂಟೆ ಸಾಕು: ಇಂದು ಒಂದು ಸಾಲು, ನಾಳೆ ಅದನ್ನೇ ಮತ್ತೊಮ್ಮೆ, ಎರಡು ದಿನ ಬಿಟ್ಟು ಮಗದೊಮ್ಮೆ, ತಿಂಗಳಿಗೊಮ್ಮೆ ಊರಿನ ಅಜ್ಜಿಗೆ ನಾಲ್ಕು ಸಾಲಿನ ಕಾಗದ.

ನೊಣಕ್ಕೆ ಕೊಟ್ಟ ಪೆಟ್ಟನ್ನು ಮಕ್ಕಳಿಗೆ ಕೊಡಬೇಕಾಗಿಲ್ಲ. ಸಕ್ಕರೆ ಕೊಟ್ಟರೂ ನೊಣ ಪಾಠ ಕಲಿಯುತ್ತದೆಂದು ಸಿದ್ಧವಾಗಿದೆ. ಕೊಡಬೇಕಾದುದು ಬಿಡುವನ್ನು ಮಾತ್ರ.