ಕಡತಗಳಿಗೊಂದು ಮನೆ: ಸಣ್ಣ ಸರ್ವರಿಗೆ ಯಂತ್ರದ ಆಯ್ಕೆ

ಕಂಪ್ಯೂಟರಿನ ಫೈಲಿಗೆ ಇಂದು ಬಳಕೆಯಲ್ಲಿರುವ ‘ಕಡತ’ ಎಂಬ ಪದ ಹಳೆಯದು. ಹುಣಿಸೆಬೀಜದ ಅಂಟು, ಇದ್ದಿಲ ಪುಡಿಗಳನ್ನು ಬಳಿದು ಗಟ್ಟಿಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕವೇ ಕಡತ. ಬರೆದುದನ್ನು ಅಳಿಸಿ ಮತ್ತೆ ಬರೆಯಬಹುದಾಗಿತ್ತು. ಹೊಸ ಕಡತಕ್ಕೂ ಆ ಗುಣವುಂಟು. ಅದರ ಅಪಾಯವೂ ಅದೇ.

ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರಗಳ ಸೀಮೆ ಕನ್ನಡ ಶಾಸನಗಳ ನೆಲ. ನೊಳಂಬರ ರಾಜಧಾನಿ ಹೆಂಜೇರು ಇಂದಿನ ಹೇಮಾವತಿ. ಈ ನೆಲದ ವಿದ್ಯಾರ್ಥಿಯು ಶಾಸನದ ಚಿತ್ರ, ಹಾಡುವ ಅಜ್ಜಿಯ ದನಿ, ಮನೆಯ ಹಳೆಯ ಪುಸ್ತಕಗಳ ಪ್ರತಿ ಎಲ್ಲವನ್ನೂ ಒಂದೇ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರೆ, ಅದು ಕೆಟ್ಟ ದಿನ ಶಾಸನವನ್ನು ಮತ್ತೆ ಚಿತ್ರಿಸಿಕೊಳ್ಳಬಹುದು. ಅಜ್ಜಿಯ ಹಾಡು ಮತ್ತೆ ದೊರೆಯುವ ಭರವಸೆಯಿಲ್ಲ. ಮನೆಯ ಜಾಲಕ್ಕೆ ಸೇರಿಕೊಂಡು ಎಲ್ಲರ ಕಡತಗಳನ್ನು ಕಾಯುವ ಸಣ್ಣ ಸರ್ವರಿನ ಅಗತ್ಯ ಇಲ್ಲಿಂದ ಹುಟ್ಟುತ್ತದೆ.

ಯಂತ್ರ ಕೊಳ್ಳುವ ಮುನ್ನ ಸಂಗ್ರಹವನ್ನು ಅಳೆಯಬೇಕು. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐಯಲ್ಲಿ, ಬಣ್ಣದಲ್ಲಿ, ಕುಗ್ಗಿಸದೆ ಸ್ಕ್ಯಾನ್ ಮಾಡಿದರೆ ಸುಮಾರು 104 ಎಂಬಿ. 300 ಪುಟಗಳ ಪುಸ್ತಕಕ್ಕೆ 31 ಜಿಬಿ. ಸಿಡಿ ಗುಣಮಟ್ಟದ ಒಂದು ಗಂಟೆಯ ಧ್ವನಿಮುದ್ರಣಕ್ಕೆ 635 ಎಂಬಿ. ನೂರು ಪುಸ್ತಕಗಳಿಗೂ ಹತ್ತಾರು ಹಾಡುಗಳಿಗೂ 4 ಟಿಬಿಯ ಡಿಸ್ಕ್ ಸಾಕು.

ಪ್ರೊಸೆಸರಿಗೆ ಹಣ ಸುರಿಯುವುದು ವ್ಯರ್ಥ. ಕಡತ ಕೊಡುವುದು, ಪಡೆಯುವುದು ಹಗುರ ಕೆಲಸ; ಮೂಲೆ ಸೇರಿದ ಲ್ಯಾಪ್‌ಟಾಪ್ ಅಥವಾ ರಾಸ್‌ಬೆರಿ ಪೈ 4 ಅದನ್ನು ನಿರ್ವಹಿಸಬಲ್ಲದು. ನೋಡಬೇಕಾದುದು ಗಿಗಾಬಿಟ್ ಜಾಲದ್ವಾರ. 100 ಮೆಗಾಬಿಟ್‌ನ ಹಳೆಯ ದ್ವಾರದಲ್ಲಿ ಮೇಲಿನ ಪುಸ್ತಕ ದಾಟಲು ಮುಕ್ಕಾಲು ಗಂಟೆ ಬೇಕಾದರೆ, ಗಿಗಾಬಿಟ್‌ನಲ್ಲಿ ಐದು ನಿಮಿಷ. ಹಗಲಿರುಳು ಉರಿಯುವ ಯಂತ್ರವಾದುದರಿಂದ ವಿದ್ಯುತ್ತಿನ ಲೆಕ್ಕವೂ ಬೇಕು: 10 ವಾಟಿನದು ತಿಂಗಳಿಗೆ 7 ಯೂನಿಟ್ ಬಳಸಿದರೆ, 60 ವಾಟಿನ ಹಳೆಯ ಡೆಸ್ಕ್‌ಟಾಪ್ 43 ಯೂನಿಟ್ ನುಂಗುತ್ತದೆ.

ಉಳಿದ ಹಣವೆಲ್ಲ ಡಿಸ್ಕಿಗೆ. ಇಲ್ಲಿ ಎರಡು ಮಾತು. ಕೆಲವು ಡಿಸ್ಕ್‌ಗಳಲ್ಲಿ ಬರಹದ ಪಟ್ಟಿಗಳು ಮನೆಯ ಹೆಂಚಿನಂತೆ ಒಂದರ ಮೇಲೊಂದು ಚಾಚಿಕೊಂಡಿರುತ್ತವೆ, ಇದು ಎಸ್‌ಎಂಆರ್. ಒಂದು ಹೆಂಚು ಬದಲಿಸಲು ನೆರೆಯವನ್ನೂ ಕದಲಿಸಬೇಕಾದಂತೆ, ತಿದ್ದಿ ಬರೆಯುವಾಗ ಅದು ಬಹಳ ನಿಧಾನ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ‘ರೆಡ್’ ಶ್ರೇಣಿಯ ಕೆಲವು ಡಿಸ್ಕ್‌ಗಳು ಈ ಬಗೆಯವೆಂದು ತಡವಾಗಿ ಒಪ್ಪಿಕೊಂಡಿತು. ಮಾದರಿಸಂಖ್ಯೆ ನೋಡಿ ಸಿಎಂಆರ್ ಬಗೆಯದನ್ನೇ ಆರಿಸಬೇಕು.

ಎರಡನೆಯದು ಇನ್ನೂ ಮುಖ್ಯ. ಎರಡು ಡಿಸ್ಕ್‌ಗಳನ್ನು ರೇಡ್ 1 ಎಂಬ ಕ್ರಮದಲ್ಲಿ ಜೋಡಿಸಿದರೆ ಒಂದರಲ್ಲಿ ಬರೆದುದು ಇನ್ನೊಂದರಲ್ಲೂ ಮೂಡುತ್ತದೆ. ಒಂದು ಸತ್ತರೆ ಇನ್ನೊಂದು ಉಳಿದೀತು. ಆದರೆ ಕೈತಪ್ಪಿ ಅಳಿಸಿದ ಹಾಡು ಎರಡರಲ್ಲೂ ಒಂದೇ ಕ್ಷಣದಲ್ಲಿ ಅಳಿಯುತ್ತದೆ. ಅದು ಕನ್ನಡಿಯೇ ಹೊರತು ನಕಲಲ್ಲ. ಎರಡೇ ಡಿಸ್ಕ್‌ಗಳಿಗೆ ಹಣವಿದ್ದರೆ ಒಂದನ್ನು ಸರ್ವರಿನಲ್ಲಿರಿಸಿ, ಇನ್ನೊಂದಕ್ಕೆ ವಾರಕ್ಕೊಮ್ಮೆ ನಕಲು ತೆಗೆದು ಬಂಧುಗಳ ಮನೆಯಲ್ಲಿಡುವುದು ಮೇಲು.

ಬರೆಯುತ್ತಿರುವಾಗ ಕರೆಂಟು ಹೋದರೆ ಕಡತ ಹಾಳಾಗಬಹುದು. ಸಣ್ಣ ಯುಪಿಎಸ್ ಬೇಕೇ ಬೇಕು. ಲ್ಯಾಪ್‌ಟಾಪಿಗೆ ಅದರ ಬ್ಯಾಟರಿಯೇ ಯುಪಿಎಸ್. ಅದು ಉಬ್ಬಿದ್ದರೆ ಮಾತ್ರ ತಡಮಾಡದೆ ತೆಗೆಸಬೇಕು. ಅನಂತಪುರ ಸೀಮೆಯ ಬೇಸಗೆಯಲ್ಲಿ ಯಂತ್ರವನ್ನು ಮುಚ್ಚಿದ ಬೀರುವಿನಲ್ಲಿಡದೆ ಗಾಳಿಯಾಡುವ, ನೆಲದ ಧೂಳಿನಿಂದ ಮೇಲಿರುವ ಕಡೆ ಇರಿಸಬೇಕು.