ಶುಶ್ರೂಷೆ: ಆಲಿಸುವ ವಿದ್ಯೆ

'ಶುಶ್ರೂಷೆ' ಎಂಬ ಮಾತನ್ನು ನಾವು ರೋಗಿಯ ಆರೈಕೆ ಎಂಬ ಅರ್ಥದಲ್ಲಿ ಬಳಸುತ್ತೇವೆ. ಅದರ ಧಾತು 'ಶ್ರು', ಎಂದರೆ ಕೇಳು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ವಿನಯವನ್ನು ಹೇಳುತ್ತಿದ್ದ ಪದವು ಸೇವೆಯ ಅರ್ಥಕ್ಕೂ, ರೋಗಿಯ ಉಪಚಾರದ ಅರ್ಥಕ್ಕೂ ಹರಡಿಕೊಂಡಿತು. ಆದರೆ ತುರ್ತು ಚಿಕಿತ್ಸೆಯ ದಾದಿಯ ಕೆಲಸವನ್ನು ಪರಿಶೀಲಿಸಿದರೆ, ಆ ಮೊದಲ ಅರ್ಥವೇ ಇಂದಿಗೂ ಅದಕ್ಕೆ ಹೆಚ್ಚು ಒಪ್ಪುತ್ತದೆ ಎನಿಸುತ್ತದೆ.

ಬೆಳಗಾವಿಯಿಂದ ಚೋರ್ಲಾ ಘಟ್ಟವಿಳಿದು ಗೋವೆಗೆ ಹೋಗುವ ದಾರಿಯಲ್ಲಿ ಖಾನಾಪುರ ತಾಲ್ಲೂಕಿನ ಜಾಂಬೋಟಿ ಇದೆ. ಅದರಾಚೆಗೆ ಮಲಪ್ರಭೆ ಹುಟ್ಟುವ ಕಣಕುಂಬಿ. ಬಿರುಮಳೆಯ, ದಟ್ಟ ಕಾಡಿನ, ಭತ್ತದ ಗದ್ದೆಗಳ ಸೀಮೆಯಿದು. ಇಂಥಲ್ಲಿ ಮಳೆಗಾಲದ ದೊಡ್ಡ ಭಯವೆಂದರೆ ಹಾವು. 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರು ಸುಮಾರು 12 ಲಕ್ಷ ಎಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಹಾವು ಕಡಿದ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕೆಂದು 2024ರಲ್ಲಿ ಕರ್ನಾಟಕ ಸರ್ಕಾರ ವಿಧಿಸಿತು.

ಕಡಿಸಿಕೊಂಡವನು ಆಸ್ಪತ್ರೆಗೆ ಬಂದನೆನ್ನಿ. ದಾದಿಯ ಮೊದಲ ಕೆಲಸ ಕೇಳುವುದು. ಎಲ್ಲಿ, ಎಷ್ಟು ಹೊತ್ತಿಗೆ, ಕಡಿದ ಮೇಲೆ ಏನಾಯಿತು? ಈ ಗಡಿನಾಡಿನಲ್ಲಿ ಉತ್ತರ ಕನ್ನಡದಲ್ಲಿ ಬರಬಹುದು, ಮರಾಠಿಯಲ್ಲಿಯೂ ಬರಬಹುದು. ಒಬ್ಬನು ಕೊಳಕುಮಂಡಲ ಎಂದದ್ದನ್ನೇ ಇನ್ನೊಬ್ಬನು ಘೋಣಸ ಎನ್ನುತ್ತಾನೆ. ಕಟ್ಟುಹಾವಿನ ಸಂಗತಿ ಇನ್ನೂ ಕಠಿಣ. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ಅನೇಕ ವೇಳೆ ನೋವಾಗಲಿ ಬಾವಾಗಲಿ ಕಾಣುವುದಿಲ್ಲ. 'ಹೊಟ್ಟೆ ನೋಯುತ್ತಿದೆ' ಎಂದಷ್ಟೇ ಹೇಳುವ ರೋಗಿಯ ರೆಪ್ಪೆ ಜೋತುಬಿದ್ದಿರುವುದನ್ನು ದಾದಿಯ ಕಣ್ಣು ಗುರುತಿಸದೆ ಹೋದರೆ, ಕೆಲವು ಗಂಟೆಗಳಲ್ಲಿ ಅವನ ಉಸಿರೇ ನಿಂತೀತು.

ಆಮೇಲಿನದು ಕಾಯುವ ಕೆಲಸ. ಮಂಡಲದ ವಿಷವು ರಕ್ತ ಹೆಪ್ಪುಗಟ್ಟುವ ಗುಣವನ್ನು ಕೆಡಿಸುತ್ತದೆ. ಆದುದರಿಂದ ಸ್ವಲ್ಪ ರಕ್ತವನ್ನು ಶುಭ್ರವಾದ ಒಣ ಗಾಜಿನ ನಳಿಕೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಬಾಗಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷವೇರಿದೆ ಎಂದರ್ಥ. ನರಗಳಿಗೆ ತಗಲುವ ವಿಷವಾದರೆ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲೆ ಎಂದು ರೋಗಿಯನ್ನು ಕೇಳುವ ಕ್ರಮವಿದೆ. ಮೊದಲು ಮೂವತ್ತಕ್ಕೆ ಮುಟ್ಟಿದ ಎಣಿಕೆ ಆಮೇಲೆ ಹದಿನೈದಕ್ಕೆ ನಿಂತರೆ, ಆ ಇಳಿಕೆಯನ್ನು ಕೇಳಿಸಿಕೊಂಡು ವೈದ್ಯರಿಗೆ ತಿಳಿಸಬೇಕಾದವಳು ಮಗ್ಗುಲಲ್ಲಿರುವ ದಾದಿ. ಪ್ರತಿವಿಷವೂ ಪೂರ್ಣ ನಿರಪಾಯವಲ್ಲ. ಅದನ್ನು ಕೊಡುವಾಗ ಮೈ ದದ್ದೆದ್ದು, ರಕ್ತದೊತ್ತಡ ಕುಸಿಯಬಹುದು. ಅದಕ್ಕಾಗಿ ಅಡ್ರಿನಲಿನ್ ಮದ್ದನ್ನು ಕೈಯಳತೆಯಲ್ಲಿಟ್ಟುಕೊಂಡು ಎಚ್ಚರವಾಗಿರಬೇಕು.

ಇಷ್ಟರಲ್ಲಿ ಬಾಗಿಲಲ್ಲಿ ಮತ್ತೊಬ್ಬರು ಬಂದಿರುತ್ತಾರೆ. ನೆಪೋಲಿಯನ್ನನ ಸೇನಾವೈದ್ಯನಾದ ಲಾರೆ, ಗಾಯಾಳುವಿನ ಪದವಿಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಸರದಿ ನಿಶ್ಚಯಿಸಿದನು. ಆ ನ್ಯಾಯವನ್ನೇ ದಾದಿ ದಿನವೂ ಪಾಲಿಸುತ್ತಾಳೆ. ಜೋರಾಗಿ ಕೂಗುವವನನ್ನು ಕಾಯಿಸಿ, ಸದ್ದಿಲ್ಲದೆ ಕುಸಿಯುತ್ತಿರುವವನ ಬಳಿಗೆ ಹೋಗಬೇಕು. ಕಾದವರ ಬಿರುನುಡಿಯನ್ನೂ ನುಂಗಿಕೊಳ್ಳಬೇಕು. ಆರೋಗ್ಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು 2009ರಲ್ಲಿ ನಮ್ಮ ರಾಜ್ಯ ಶಾಸನವನ್ನೇ ಮಾಡಬೇಕಾಯಿತೆಂಬುದು ನಾವು ನಾಗರಿಕರು ತಲೆತಗ್ಗಿಸಬೇಕಾದ ಮಾತು.

ಇಷ್ಟು ದುಡಿದ ಮೇಲೂ ಕೆಲವರು ಉಳಿಯುವುದಿಲ್ಲ. ಆ ಮನೆಯವರನ್ನು ಸಂತೈಸಿ, ಮರುಗಳಿಗೆಯೇ ಇನ್ನೊಂದು ಹಾಸಿಗೆಯ ಬಳಿ ಸ್ಥಿರವಾದ ಕೈಯಿಂದ ಸೂಜಿ ಹಿಡಿಯಬೇಕಾದುದು ಈ ವೃತ್ತಿಯ ಕಠೋರ ನಿಯಮ.

ಹಾಗಾದರೆ ಪ್ರತಿಫಲವೇನು? ಚರಕಸಂಹಿತೆಯು ವೈದ್ಯ, ಔಷಧ, ರೋಗಿ ಇವರೊಡನೆ ಪರಿಚಾರಕನನ್ನೂ ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ಎಣಿಸಿ, ಅವನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶುಚಿತ್ವಗಳಿರಬೇಕೆಂದಿತು. ಗೌರವ ದೊಡ್ಡದೇ. ಆದರೆ ದಾದಿಗೆ ದೊರೆಯುವ ನಿಜವಾದ ಫಲ ಅದಕ್ಕಿಂತ ಸಣ್ಣದು, ಸಮೀಪದ್ದು. ಜೋತ ರೆಪ್ಪೆ ಬೆಳಗಿನ ಜಾವಕ್ಕೆ ಮೇಲೇಳುತ್ತದೆ. ಹದಿನೈದಕ್ಕೆ ನಿಂತಿದ್ದ ಎಣಿಕೆ ಇಪ್ಪತ್ತು ದಾಟುತ್ತದೆ. ರೋಗಿ ಗುಣವಾಗಿ ಗದ್ದೆಗೆ ಮರಳುತ್ತಾನೆ. ರಾತ್ರಿಯೆಲ್ಲ ತನ್ನ ಉಸಿರನ್ನು ಎಣಿಸಿದವಳ ಹೆಸರು ಅವನಿಗೆ ತಿಳಿದಿರುವುದಿಲ್ಲ. ಆ ಎಣಿಕೆ ಏರಿದ್ದನ್ನು ಮೊದಲು ಕೇಳಿದವಳು ತಾನೆಂಬ ಸಂತೋಷ ಮಾತ್ರ ಅವಳದೇ.