ಬೇಟೆಯಿಲ್ಲದ ಬೇಟೆನಾಯಿ

‘ನಮ್ಮೂರು ಮುಧೋಳದ ಹತ್ತಿರ’ ಎಂದರೆ ಮುಂಬೈಯಲ್ಲಿ ಮೊದಲೆಲ್ಲ ‘ಅದು ಎಲ್ಲಿ ಬರುತ್ತೆ?’ ಎಂದು ಕೇಳುತ್ತಿದ್ದರು. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಗಳು ಮುಧೋಳ ನಾಯಿಯ ಹೆಸರು ಹೇಳಿದ ಮೇಲೆ ಪ್ರಶ್ನೆ ಬದಲಾಗಿದೆ. ‘ಒಂದು ಮರಿ ಕೊಡಿಸ್ತೀರಾ?’ ವಿಲೆ ಪಾರ್ಲೆಯ ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರು ಕೇಳಿದ್ದಾರೆ. ಆಫೀಸಿನಲ್ಲಿ ಎಷ್ಟು ಜನವೋ ಲೆಕ್ಕ ಇಟ್ಟಿಲ್ಲ. ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ: ಅದಕ್ಕೆ ಏನು ಕೆಲಸ ಕೊಡ್ತೀರಿ? ಹೆಚ್ಚಿನವರು ನಗುತ್ತಾರೆ. ನಾಯಿಗೆಂಥ ಕೆಲಸ, ಮನೆ ಕಾಯುತ್ತೆ ಬಿಡಿ ಅನ್ನುತ್ತಾರೆ.

ಮುಧೋಳ ನಾಯಿ ಮನೆ ಕಾಯಲಿಕ್ಕೆಂದು ಬೆಳೆಸಿದ ಜಾತಿ ಅಲ್ಲ. ಅದರ ಮೈ ನೋಡಿದರೇ ಗೊತ್ತಾಗುತ್ತದೆ. ಆಳವಾದ ಎದೆ, ಒಳಗೆ ಸೇರಿಕೊಂಡ ಹೊಟ್ಟೆ, ಕೊಬ್ಬೇ ಇಲ್ಲದ ತೊಡೆ, ಉದ್ದ ಮೂತಿ. ಪೂರ್ತಿ ವೇಗದಲ್ಲಿ ಓಡುವಾಗ ಒಂದೊಂದು ದಾಪಿಗೆ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ. ಮೂಸಿ ಹುಡುಕುವ ನಾಯಿಯಲ್ಲ ಇದು, ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದ ಬಯಲಲ್ಲಿ ಏನೋ ಅಲುಗಿತು ಅಂದರೆ ಸಾಕು, ಆಮೇಲೆ ಅದಕ್ಕೆ ನಿಮ್ಮ ದನಿ ಕೇಳಿಸುವುದಿಲ್ಲ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಆರಿಸಿ ಬೆಳೆಸಿದರು, ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು ಎಂಬ ಕತೆ ನಮ್ಮ ಕಡೆ ಎಲ್ಲರಿಗೂ ಗೊತ್ತು. 2005ರಲ್ಲಿ ಅಂಚೆ ಚೀಟಿಯೂ ಬಂತು. ಆದರೆ ರಾಜರ ಕತೆಗಿಂತ ನನಗೆ ಮುಖ್ಯ ಅನಿಸುವುದು ಈ ನಾಯಿಯನ್ನು ಕೆಲಸಕ್ಕೆ ಪಳಗಿಸುತ್ತಿದ್ದವರ ಕತೆ.

ನಮ್ಮ ಕಾಕಾ ಅಂಥವರಲ್ಲಿ ಒಬ್ಬರು. ಈಗ ಎಪ್ಪತ್ತು ದಾಟಿದ್ದಾರೆ. ಅಜ್ಜನ ಕಾಲದಲ್ಲಿ ಸುಗ್ಗಿ ಮುಗಿದ ಮೇಲೆ ಎರಿ ಹೊಲದಲ್ಲಿ ಮೊಲ ಎಬ್ಬಿಸುತ್ತಿದ್ದರಂತೆ. ನಾಲ್ಕೈದು ಜನ ಸಾಲಾಗಿ ನಡೆಯುವುದು, ಹಗ್ಗದಲ್ಲಿ ಎರಡು ನಾಯಿ ಹಿಡಿದವನು ನಡುವೆ. ಮೊಲ ಎದ್ದು ಒಂದಿಷ್ಟು ದೂರ ಹೋದ ಮೇಲೆಯೇ ಹಗ್ಗ ಬಿಡುವುದು. ಮೊಲ ನೇರ ಓಡುವುದಿಲ್ಲ, ನಾಯಿಯ ಬಾಯಿ ಹತ್ತಿರ ಬಂದಾಗ ಗಕ್ಕನೆ ತಿರುಗುತ್ತದೆ. ಭಾರವಾದ ನಾಯಿ ಮುಂದೆ ಹೋಗಿಬಿಡುತ್ತದೆ. ಎರಡನೇ ನಾಯಿ ಇರುವುದು ಆ ತಿರುವಿಗೆ.

ಇದಕ್ಕೆ ತರಬೇತಿ ಹೇಗೆ ಕೊಡುತ್ತಿದ್ದಿರಿ ಎಂದು ಒಮ್ಮೆ ಕೇಳಿದ್ದೆ. ಕಾಕಾ ನನ್ನ ಕಡೆ ವಿಚಿತ್ರವಾಗಿ ನೋಡಿದರು. “ಓಡೂದು ಕಲಸಬೇಕಂತೇನು ತಮ್ಮಾ? ಅದು ಹುಟ್ಟತನ ಬಂದಿರ್ತೈತಿ. ನಿಲ್ಲೂದು ಕಲಸಬೇಕು.” ಮರಿಗೆ ಮೂರು ತಿಂಗಳಾದಾಗಲೇ ಕುರಿ ಹಿಂಡಿನ ಪಕ್ಕ ಗೂಟಕ್ಕೆ ಕಟ್ಟುತ್ತಿದ್ದರು. ಕುರಿಮರಿ ಅದರ ಮೂಗಿನ ಮುಂದೆಯೇ ಕುಣಿದು ಹೋಗಬೇಕು, ಅದು ಮುಖ ತಿರುಗಿಸಿ ಕೂತಿರಬೇಕು. ತಿಂಗಳುಗಟ್ಟಲೆ ಇದೇ ಪಾಠ. ಕೋಳಿ, ಆಡು, ಮನೆಯ ಬೆಕ್ಕು ಎಲ್ಲದಕ್ಕೂ ಇದೇ. “ಕುರಿ ಮುಟ್ಟಿದ ನಾಯಿ ಊರಾಗ ಉಳಿಯಂಗಿಲ್ಲ” ಎಂದರು. ಅದು ಬೆದರಿಕೆಯಲ್ಲ, ಆಗಿನ ನ್ಯಾಯ.

ಈ ಮಾತು ನನಗೆ ಪೂರ್ತಿ ಅರ್ಥವಾದದ್ದು ಇಂಗ್ಲೆಂಡಿನಲ್ಲಿ. ಪ್ರಾಜೆಕ್ಟ್ ಮೇಲೆ ಉತ್ತರ ಇಂಗ್ಲೆಂಡಿನಲ್ಲಿ ಒಂದೂವರೆ ವರ್ಷ ಇದ್ದೆ. ನಮ್ಮ ಟೀಮಿನ ಟೆಸ್ಟರ್ ಒಬ್ಬ ಚಳಿಗಾಲದ ಶನಿವಾರಗಳಲ್ಲಿ ಮೊಲ ಹಿಡಿಯಲು ಹೋಗುತ್ತಿದ್ದ. ನಮ್ಮೂರ ನಾಯಿಯ ಫೋಟೋ ನೋಡಿ ಅವನಿಗೆ ಖುಷಿಯೋ ಖುಷಿ, ಜೊತೆಗೆ ಬಾ ಅಂದ. ಅವನ ಹತ್ತಿರ ಇದ್ದದ್ದು ಲರ್ಚರ್. ಅದು ಒಂದು ತಳಿಯ ಹೆಸರಲ್ಲ, ಬೆರಕೆ. ಗ್ರೇಹೌಂಡ್ ಅಥವಾ ವಿಪೆಟ್‌ನಂಥ ಓಟದ ನಾಯಿಗೆ ಕುರಿ ಕಾಯುವ ಕಾಲಿಯನ್ನೋ ಟೆರಿಯರನ್ನೋ ಸೇರಿಸಿ ಪಡೆದದ್ದು. ಕಾಲು ಒಂದು ಕಡೆಯಿಂದ, ಬುದ್ಧಿ ಇನ್ನೊಂದು ಕಡೆಯಿಂದ. ಬಡವರ, ಕದ್ದು ಬೇಟೆಯಾಡುವವರ ನಾಯಿ ಎಂದು ಅಲ್ಲಿ ಇದಕ್ಕೆ ಹಳೆಯ ಹೆಸರು.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ನಾವು ಎರಡು ಬೇರೆ ಪ್ರಾಣಿಗಳನ್ನು ಮೊಲ ಅಂತಲೇ ಕರೆಯುತ್ತೇವೆ. ನಮ್ಮ ಹೊಲದ ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ನಡುವೆ ತಗ್ಗು ಮಾಡಿಕೊಂಡು ಕೂರುತ್ತದೆ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣು ತೆರೆದಿರುತ್ತದೆ. ಯುರೋಪಿನ ರ್‍ಯಾಬಿಟ್ ಹಾಗಲ್ಲ. ಅದು ನೆಲದಡಿ ಹತ್ತಾರು ಬಾಯಿಗಳ ಬಿಲದಲ್ಲಿ ಗುಂಪಾಗಿ ಇರುತ್ತದೆ, ಮರಿ ಬತ್ತಲೆ, ಕುರುಡು. ನಮ್ಮ ಮಕ್ಕಳು ಪೆಟ್ ಅಂಗಡಿಯಲ್ಲಿ ಕೇಳುವ ಬಿಳಿ ಮೊಲ ಇದೇ ವಂಶದ್ದು. ಬಿಲದೊಳಗಿನ ಪ್ರಾಣಿಯನ್ನು ಎಷ್ಟೇ ವೇಗದ ನಾಯಿಯಾದರೂ ಹೇಗೆ ಹಿಡಿದೀತು? ಅದಕ್ಕೇ ಅಲ್ಲಿ ಮೂರನೆಯವನೊಬ್ಬ ಬೇಕು: ಫೆರೆಟ್. ನೋಡಲು ಮುಂಗುಸಿಯಂತೆ ಉದ್ದ ಮೈ, ಗಿಡ್ಡ ಕಾಲು. ಕುಟುಂಬ ಮಾತ್ರ ನಮ್ಮ ನೀರುನಾಯಿಯದ್ದು. ಬಿಲದೊಳಗೆ ಬಿಟ್ಟರೆ ಮೊಲಗಳನ್ನು ಹೊರಗೆ ಓಡಿಸುತ್ತದೆ.

ಅವತ್ತು ಗದ್ದೆಯ ಬದುವಿನಲ್ಲಿ ಒಂದು ದೊಡ್ಡ ಬಿಲದ ಗುಂಪು. ಯಾರೂ ಮಾತಾಡುವಂತಿಲ್ಲ. ಲರ್ಚರ್ ಒಂದೊಂದೇ ಬಾಯಿಯ ಹತ್ತಿರ ಹೋಗಿ ಮೂಸಿತು. ಕೆಲವನ್ನು ಬಿಟ್ಟು ಮುಂದೆ ಹೋಯಿತು, ಒಂದರ ಮುಂದೆ ತಲೆ ಓರೆ ಮಾಡಿ ಮುಂಗಾಲೆತ್ತಿ ಕಲ್ಲಿನ ಹಾಗೆ ನಿಂತಿತು. ಒಳಗೆ ಮೊಲ ಇದೆ ಎಂದು ಅರ್ಥ. ನಾಯಿ ಹಾಗೆ ನಿಲ್ಲದಿದ್ದರೆ ಆ ಬಿಲಕ್ಕೆ ಅವನು ಫೆರೆಟ್ ಬಿಡುವುದೇ ಇಲ್ಲ. ಕಂಡ ಬಾಯಿಗಳಿಗೆಲ್ಲ ಸಣ್ಣ ಚೀಲದಂಥ ಬಲೆ ಹಾಸಿ ಗೂಟ ಹೊಡೆದ. ಕೊರಳಿಗೆ ಟ್ರಾನ್ಸ್‌ಮಿಟರ್ ಕಟ್ಟಿದ ಹೆಣ್ಣು ಫೆರೆಟ್ ಒಳಗೆ ಇಳಿಯಿತು. ಕೊರಳಪಟ್ಟಿ ಯಾಕೆಂದರೆ, ಕೆಲವೊಮ್ಮೆ ಅದು ಒಳಗೇ ಮೊಲವನ್ನು ಕೊಂದು ಪಕ್ಕದಲ್ಲಿ ಮಲಗಿಬಿಡುತ್ತದೆ. ಆಗ ಎಲ್ಲಿದೆ ಎಂದು ಪತ್ತೆಮಾಡಿ ಅಗೆಯಬೇಕು.

ಕಾಲಡಿಯಲ್ಲಿ ಧಡ್ ಧಡ್ ಸದ್ದು. ಒಂದು ಮೊಲ ಬಲೆಗೆ ಬಂದು ಬಿತ್ತು, ಇನ್ನೊಂದೂ ಬಿತ್ತು. ನಾಯಿ ಎರಡು ಮಾರು ದೂರದಲ್ಲಿ ನಡುಗುತ್ತ ನಿಂತಿದೆ, ಹೆಜ್ಜೆ ಎತ್ತಲಿಲ್ಲ. ಬಲೆಗೆ ಬಿದ್ದದ್ದು ಯಜಮಾನನದ್ದು ಎಂದು ಅದಕ್ಕೆ ಗೊತ್ತು. ಮೂರನೆಯದು ನಾವು ಕಾಣದ ಒಂದು ಬಾಯಿಯಿಂದ ಹಾರಿತು ನೋಡಿ, ಆಗ ನಾಯಿ ಹೋಯಿತು. ಐದಾರು ಸೆಕೆಂಡು. ಮೊಲವನ್ನು ಜೀವಂತವಾಗಿ ಬಾಯಲ್ಲಿ ತಂದು ಅವನ ಕೈಗೆ ಕೊಟ್ಟಿತು. ಅಷ್ಟರಲ್ಲಿ ಫೆರೆಟ್ ಹೊರಬಂದು ಮೈ ಕೊಡವಿ ನಾಯಿಯ ಕಾಲ ನಡುವೆಯೇ ನಡೆದುಹೋಯಿತು. ನಾಯಿ ಮುಖ ಆ ಕಡೆ ತಿರುಗಿಸಿತು. ನನಗೆ ಕಾಕಾನ ಕುರಿಮರಿ ನೆನಪಾಯಿತು.

ಹೇಗೆ ಕಲಿಸಿದೆ ಎಂದು ಕೇಳಿದೆ. ಮರಿಯ ಬುಟ್ಟಿಯನ್ನು ಫೆರೆಟ್ ಗೂಡಿನ ಪಕ್ಕದಲ್ಲೇ ಇಟ್ಟಿದ್ದನಂತೆ. ಜಾಲರಿಯಾಚೆಯಿಂದ ವಾಸನೆ, ಆಮೇಲೆ ಕೈಯಲ್ಲಿ ಹಿಡಿದು ತೋರಿಸುವುದು, ಆಮೇಲೆ ನೆಲದ ಮೇಲೆ ಬಿಡುವುದು. ವರ್ಷ ತುಂಬುವವರೆಗೆ ಬೇಟೆಯೇ ಇಲ್ಲ. ಕೂರು, ಕಾಯಿ, ಬಾ, ಬಿಡು. ಇಷ್ಟೇ. ಓಡಲು ಒಂದು ದಿನವೂ ಕಲಿಸಿಲ್ಲ ಅಂದ.

ಅಲ್ಲಿ ಈ ಕೆಲಸ ಇನ್ನೂ ಉಳಿದಿದೆ. 2004ರ ಬೇಟೆ ಕಾನೂನು ಕಾಡುಮೊಲದ ಹಿಂದೆ ನಾಯಿ ಬಿಡುವುದನ್ನು ನಿಷೇಧಿಸಿದರೂ ರ್‍ಯಾಬಿಟ್‌ಗೆ ವಿನಾಯಿತಿ ಕೊಟ್ಟಿದೆ, ಜಮೀನಿನವರ ಒಪ್ಪಿಗೆ ಇರಬೇಕಷ್ಟೆ. ಗೋಧಿ ಪೈರು ತಿನ್ನುವ ಮೊಲ ಅಲ್ಲಿನ ರೈತರಿಗೆ ಪೀಡೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. ಕಾಡುಮೊಲಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಬೇಟೆ ಅಪರಾಧ. ಇದು ಸರಿಯೇ ಅನ್ನುವವನು ನಾನು. ನೀರಾವರಿ ಬಂದು ಕಬ್ಬು ತುಂಬಿದ ನಮ್ಮ ಸೀಮೆಯಲ್ಲಿ ಆ ಬಯಲೂ ಎಲ್ಲಿ ಉಳಿದಿದೆ? ಆದರೆ ಬೇಟೆ ನಿಂತರೂ ಬೇಟೆನಾಯಿ ಹುಟ್ಟುವುದು ನಿಂತಿಲ್ಲ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ, ಸುತ್ತಲಿನ ಹಳ್ಳಿಗಳಲ್ಲಿ ಮರಿ ಮಾರಿ ಸಂಸಾರ ನಡೆಸುವವರಿದ್ದಾರೆ. ಕೆಲವು ಮರಿಗಳಿಗೆ ಹೊಸ ಕೆಲಸವೂ ಸಿಕ್ಕಿದೆ. ಸೇನೆ ಮೀರತ್‌ಗೆ ಒಯ್ದು ಪಳಗಿಸಿತು. ರನ್‌ವೇ ಮೇಲಿನ ಹಕ್ಕಿ ಓಡಿಸಲು ವಾಯುಪಡೆಯೂ ಮರಿಗಳನ್ನು ಪಡೆಯಿತು. ಉಳಿದವು ನಮ್ಮಂಥವರ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬರುತ್ತವೆ.

ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯ ಮರಾಠಿ ಕುಟುಂಬಕ್ಕೆ ಬಂದದ್ದು ಹೀಗೆಯೇ, ಯಾವುದೋ ದಲ್ಲಾಳಿಯ ಮೂಲಕ. ಹೆಸರು ಶೇರಾ. ಹತ್ತು ತಿಂಗಳಿಗೆ ಆಳೆತ್ತರದ ಕಿಟಕಿಯಿಂದ ಇಡೀ ದಿನ ಪಾರಿವಾಳ ನೋಡುತ್ತ ಕೂರುತ್ತಿತ್ತು, ಸೋಫಾ ಹರಿದಿತ್ತು. ಒಂದು ಸಂಜೆ ನೆಹರೂ ರೋಡಿನಲ್ಲಿ ಬೆಕ್ಕು ಕಂಡು ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಹಾರಿತು. ರಿಕ್ಷಾ ಬಡಿದು ತೊಡೆಗೆ ಹದಿನಾಲ್ಕು ಹೊಲಿಗೆ. ಊರಿಗೆ ವಾಪಸ್ ಕಳಿಸುತ್ತೇವೆ, ಯಾರಾದರೂ ಇಟ್ಟುಕೊಳ್ಳುತ್ತಾರಾ ದಾದಾ ಎಂದು ಆ ಮನೆಯ ಕಾಕು ನನ್ನನ್ನು ಕೇಳಿದರು. ಕಾಕಾಗೆ ಫೋನ್ ಮಾಡಿದೆ. “ಪ್ಯಾಟ್ಯಾಗ ಬೆಳದ ನಾಯಿ ಇಲ್ಲಿ ಕುರಿ ಹಿಡಿತೈತಿ. ಅಲ್ಲೇ ನಿಲ್ಲೂದು ಕಲಸ್ರಿ.”

ಹೊಲಿಗೆ ಬಿಚ್ಚಿದ ಮೇಲೆ ಶುರುಮಾಡಿದೆವು. ಮೊದಲು ಪಟ್ಟಿ ಬದಲಾಯಿತು. ಈ ನಾಯಿಗಳ ತಲೆ ಕತ್ತಿಗಿಂತ ಸಣ್ಣದು, ಸಾಧಾರಣ ಪಟ್ಟಿ ನಿಲ್ಲುವುದೇ ಇಲ್ಲ; ಎಳೆದರೆ ಬಿಗಿಯಾಗುವ ಅಗಲ ಪಟ್ಟಿ ಬೇಕು. ಉದ್ದನೆಯ ಹಗ್ಗ ಕಟ್ಟಿ ಬಿಡುವುದಂತೂ ಕೂಡದು. ಅದು ಕ್ಷಣದಲ್ಲಿ ವೇಗ ಹಿಡಿಯುತ್ತದೆ, ಹಗ್ಗ ಮುಗಿದಾಗ ಕತ್ತಿಗೇ ಪೆಟ್ಟು. ಇನ್ನೊಂದು ವಿಷಯ: ಯಾವ ಆಪರೇಷನ್ನಿಗೂ ಮುಂಚೆ ಇದು ಓಟದ ತಳಿ ಎಂದು ಡಾಕ್ಟರಿಗೆ ಹೇಳಬೇಕು. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧ ಬೇಗ ಇಳಿಯುವುದಿಲ್ಲ.

ಬೆಳಿಗ್ಗೆ ಐದೂವರೆಗೆ ಜುಹೂ ಬೀಚಿಗೆ, ಹಗ್ಗದಲ್ಲೇ. ಪಾರಿವಾಳದ ಗುಂಪು ಕಂಡಲ್ಲಿ ನಿಲ್ಲುವುದು, ಕೂರಿಸುವುದು, ಮುಖ ನಮ್ಮ ಕಡೆ ತಿರುಗಿಸಿದ ಕೂಡಲೇ ಬೇಯಿಸಿದ ಲಿವರ್ ಒಂದು ಚೂರು. ಮೊದಲ ವಾರ ಅದು ನಮ್ಮನ್ನು ನೋಡಲೇ ಇಲ್ಲ. ಮೂರನೇ ವಾರ ಹಕ್ಕಿಗಳು ನೂರು ಅಡಿ ದೂರವಿದ್ದರೆ ನೋಡಿತು. ಈಗ ಮೂವತ್ತು ಅಡಿಗೆ ಬಂದಿದ್ದೇವೆ. ಬೈಕಿನಲ್ಲಿ ಹೋಗುವವರು ‘ಊಟ ಹಾಕ್ರಿ ಅದಕ್ಕೆ, ಬಡಕಲಾಗಿದೆ’ ಎಂದು ಬೈದು ಹೋಗುತ್ತಾರೆ. ಅದೊಂದು ಕಾಟ ತಪ್ಪಿದ್ದಲ್ಲ.

ಬರೀ ನಿಲ್ಲಿಸಿದರೆ ಸಾಲದು, ಓಡಲೂ ಬೇಕಲ್ಲ. ಮುಂಬೈಯಲ್ಲಿ ಸುತ್ತಲೂ ಬಲೆ ಇರುವ ಬಯಲು ಎಲ್ಲಿ? ಬಾಡಿಗೆಯ ಫುಟ್‌ಬಾಲ್ ಟರ್ಫ್. ಬೆಳಿಗ್ಗೆ ಆರಕ್ಕೆ ಅಲ್ಲಿ ಯಾರೂ ಇರುವುದಿಲ್ಲ, ಭಾನುವಾರ ಅರ್ಧ ಗಂಟೆಗೆ ಕೊಡಲು ಒಬ್ಬರು ಒಪ್ಪಿದರು. ಸೈಕಲ್ ರಿಮ್ಮಿಗೆ ನೈಲಾನ್ ಹುರಿ ಸುತ್ತಿ, ತುದಿಗೆ ಹಳೆಯ ಬಟ್ಟೆಯ ಗಂಟು ಕಟ್ಟಿದ್ದೇವೆ. ಮೂಲೆಗಳಲ್ಲಿ ಗಾಲಿ ಇಟ್ಟರೆ ಗಂಟು ಮೊಲದ ಹಾಗೆಯೇ ತಿರುಗುತ್ತದೆ. ಆ ಮನೆಯ ಹುಡುಗ ರಿಮ್ ತಿರುಗಿಸುತ್ತಾನೆ, ನಾನು ನಾಯಿಯನ್ನು ಕೂರಿಸಿ ಹಿಡಿದಿರುತ್ತೇನೆ. ಗಂಟು ಓಡಲು ಶುರುವಾದರೂ ನಾನು ಹೇಳುವವರೆಗೆ ಏಳುವಂತಿಲ್ಲ. ಅದರ ಮೈಯೆಲ್ಲ ನಡುಗುತ್ತದೆ, ಆ ಲರ್ಚರ್ ನಡುಗಿದ ಹಾಗೆಯೇ. ಮೂರು ಓಟ, ಅಷ್ಟೇ. ಆಮೇಲೆ ನೀರು. ಅವತ್ತು ಇಡೀ ದಿನ ಕಿಟಕಿಯ ಹತ್ತಿರ ಸುಳಿಯುವುದಿಲ್ಲ, ನಿದ್ದೆ ಹೊಡೆಯುತ್ತದೆ ಎಂದು ಕಾಕು ಹೇಳುತ್ತಾರೆ. ಊರಿಗೆ ಕಳಿಸುವ ಮಾತು ಸದ್ಯಕ್ಕೆ ನಿಂತಿದೆ.

ಹೋದ ವಾರ ವಿಡಿಯೋ ತೆಗೆದು ಕಾಕಾಗೆ ಕಳಿಸಿದೆ. ಓಟದ ಬಗ್ಗೆ ಒಂದು ಮಾತೂ ಆಡಲಿಲ್ಲ. “ಬಟ್ಟಿ ಹಿಡದ ಮ್ಯಾಲ ಬಿಡು ಅಂದ್ರ ಬಿಡ್ತೈತೇನು?” ಎಂದು ಕೇಳಿದರು. ಹತ್ತರಲ್ಲಿ ಆರು ಸಲ ಎಂದೆ. “ಇನ್ನ ನಾಕ ಉಳದಾವು” ಎಂದು ಫೋನ್ ಇಟ್ಟರು.